ವೈದ್ಯಪತ್ರಿಕೆಗಳೂ ಅವುಗಳ ವಾಚಕರೂ: ಅಚ್ಚಿನಿಂದ ಅಂತರ್ಜಾಲದವರೆಗೆ

ಯಾವುದೇ ಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಆ ಶಾಸ್ತ್ರದಲ್ಲಿ ಹೊಸದಾಗಿ ಕಂಡುಹಿಡಿದ ವಿಷಯಗಳನ್ನು ಕುರಿತು ವಿಸ್ತಾರವಾಗಿ ಹೇಳುವುದುಂಟು. ಆ ವಿಷಯಗಳು ಕಂಡುಹಿಡಿದವನ ಕೈಯಿಂದ ಉಪಯೋಗಿಸುವವನ ಕೈಗೆ ಹೇಗೆ ಸೇರಿದುವೆಂಬುದನ್ನು ಹೇಳುವುದು ವಿರಳ. ಸಾಹಿತ್ಯದ ಅಭ್ಯಾಸಿಗಳಿಗೆ ಈ ಎರಡನೆಯ ಪ್ರಶ್ನೆ ಹೊಸದಲ್ಲ. ಒಂದು ಕಾವ್ಯವು ಓಲೆಯಿಂದ ಓಲೆಗೆ, ಲಿಪಿಕಾರನಿಂದ ಲಿಪಿಕಾರನಿಗೆ ಹೇಗೆ ಸಾಗಿ ಬಂದಿತೆಂಬುದನ್ನು ತಿಳಿಯದೆ ಅದರ ಶುದ್ಧಪಾಠವನ್ನು ನಿರ್ಣಯಿಸಲಾಗದೆಂದು ನಾವೆಲ್ಲರೂ ಬಲ್ಲೆವು. ವೈದ್ಯಶಾಸ್ತ್ರದಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕವುಂಟು. ಅಲ್ಲಿ ಪಾಠ ತಪ್ಪಿದರೆ ಅರ್ಥ ಕೆಡುವುದಷ್ಟೇ ಅಲ್ಲ. ಪ್ರಾಣಕ್ಕೂ ಕೇಡು ಬಂದೀತು.

ಕಳೆದ ಮೂವತ್ತು ಮೂವತ್ತೈದು ವರ್ಷಗಳಲ್ಲಿ ವೈದ್ಯಶಾಸ್ತ್ರದ ವಿದ್ವತ್ಪತ್ರಿಕೆಗಳು ಕಾಗದವನ್ನು ಬಹುಮಟ್ಟಿಗೆ ಬಿಟ್ಟು ಡಿಜಿಟಲ್ ಮಾಧ್ಯಮವನ್ನು ಆಶ್ರಯಿಸಿವೆ. ಈ ಬದಲಾವಣೆಯ ಕಥೆಯನ್ನು ಸಂಗ್ರಹವಾಗಿ ನಿರೂಪಿಸಿ, ಅದರಿಂದ ಯಾರಿಗೆ ಏನು ದೊರೆಯಿತೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ. ಈ ಮಾಧ್ಯಮದಿಂದ ಮುಖ್ಯವಾಗಿ ಲಾಭ ಪಡೆದವನು ಪ್ರಬಂಧಗಳನ್ನು ಬರೆಯುವ ವಿದ್ವಾಂಸನಲ್ಲ, ಓದಿ ತನ್ನ ಕೆಲಸಕ್ಕೆ ಹೋಗುವ ಸಾಮಾನ್ಯ ವಾಚಕನು ಎಂಬುದು ನಮ್ಮ ಮತ. ಪತ್ರಿಕೆಗಳು ಇಟ್ಟುಕೊಂಡಿರುವ ಲೆಕ್ಕದಲ್ಲಿ ಈ ವಾಚಕನಿಗೆ ಸ್ಥಾನವಿಲ್ಲವೆಂಬುದನ್ನೂ, ಆತನ ವಿಷಯದಲ್ಲಿ ಅವುಗಳ ಹೊಣೆ ಇನ್ನೂ ಪೂರ್ತಿಯಾಗಿ ಸಂದಿಲ್ಲವೆಂಬುದನ್ನೂ ಮುಂದೆ ತೋರಿಸಲಾಗುವುದು.

೧

ಅಮೆರಿಕದ ಬಾಸ್ಟನ್ ನಗರದಲ್ಲಿ ೧೮೧೨ರಲ್ಲಿ ವೈದ್ಯಶಾಸ್ತ್ರದ ಒಂದು ತ್ರೈಮಾಸಿಕ ಹೊರಟಿತು. ಅದು ೧೮೨೮ರಲ್ಲಿ ವಾರಪತ್ರಿಕೆಯಾಯಿತು. ೧೯೨೮ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ಈಗಿನ ಹೆಸರನ್ನು ತಳೆಯಿತು. ಲಂಡನ್ನಿನಲ್ಲಿ ೧೮೨೩ನೆಯ ಅಕ್ಟೋಬರು ೫ರಂದು ಥಾಮಸ್ ವೇಕ್ಲಿ ಎಂಬಾತನು ‘ಲ್ಯಾನ್ಸೆಟ್’ ಪತ್ರಿಕೆಯನ್ನು ಆರಂಭಿಸಿದನು. ಅದೇ ದೇಶದಲ್ಲಿ ೧೮೪೦ರಲ್ಲಿ ಹುಟ್ಟಿದ ಮತ್ತೊಂದು ಪತ್ರಿಕೆ ೧೮೫೭ರಿಂದ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಎಂದು ಹೆಸರಾಯಿತು. ನಮ್ಮ ದೇಶದಲ್ಲಿ ‘ಇಂಡಿಯನ್ ಮೆಡಿಕಲ್ ಗೆಜೆಟ್’ ೧೮೬೬ರಲ್ಲಿ ಕಲ್ಕತ್ತೆಯಿಂದ ಹೊರಬಂದಿತು.

ವೇಕ್ಲಿಯ ಉದ್ಯಮದಲ್ಲಿ ನಮ್ಮ ವಿಷಯಕ್ಕೆ ಬೇಕಾದ ಒಂದು ಅಂಶವಿದೆ. ಆ ಕಾಲದಲ್ಲಿ ಲಂಡನ್ನಿನ ಆಸ್ಪತ್ರೆಗಳ ದೊಡ್ಡ ಶಸ್ತ್ರವೈದ್ಯರ ಉಪನ್ಯಾಸಗಳು ಶುಲ್ಕ ತೆತ್ತವರಿಗೆ ಮಾತ್ರ ದೊರೆಯುತ್ತಿದ್ದುವು. ವೇಕ್ಲಿ ಅವುಗಳನ್ನು ಬರೆಯಿಸಿ ತಂದು ಆರು ಪೆನ್ನಿಯ ಪತ್ರಿಕೆಯಲ್ಲಿ ಅಚ್ಚುಹಾಕಿದನು. ಅಬರ್ನೆಥಿ ಎಂಬ ಪ್ರಸಿದ್ಧ ಶಸ್ತ್ರವೈದ್ಯನು ತನ್ನ ಉಪನ್ಯಾಸಗಳನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸಿದನೆಂದು ಆತನ ಮೇಲೆ ನ್ಯಾಯಾಲಯಕ್ಕೆ ಹೋದನು. ವೈದ್ಯಜ್ಞಾನವು ಹಣ ತೆತ್ತವನ ಸೊತ್ತೋ, ಬೇಕಾದವನ ಹಕ್ಕೋ ಎಂಬ ವಾದವು ಹೀಗೆ ಪತ್ರಿಕೆಯ ಹುಟ್ಟಿನೊಡನೆಯೇ ಹುಟ್ಟಿತು. ಅಂತರ್ಜಾಲದ ಕಾಲದಲ್ಲಿ ನಡೆದ ವಾದವೂ ಇದೇ. ವೇಷ ಮಾತ್ರ ಬೇರೆ.

ಅಚ್ಚಿನ ಪತ್ರಿಕೆ ಎಷ್ಟು ವೇಗವಾಗಿ ಸಾಗುತ್ತಿದ್ದಿತೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. ಈಥರಿನಿಂದ ರೋಗಿಗೆ ಪ್ರಜ್ಞೆ ತಪ್ಪಿಸಿ ಶಸ್ತ್ರಕ್ರಿಯೆ ಮಾಡುವುದನ್ನು ಬಾಸ್ಟನ್ನಿನಲ್ಲಿ ೧೮೪೬ನೆಯ ಅಕ್ಟೋಬರು ೧೬ರಂದು ಬಹಿರಂಗವಾಗಿ ತೋರಿಸಲಾಯಿತು. ಬಿಗೆಲೋ ಎಂಬಾತನ ವರದಿ ನವಂಬರು ೧೮ರ ಸಂಚಿಕೆಯಲ್ಲಿ ಅಚ್ಚಾಯಿತು. ಸುದ್ದಿ ಹಡಗಿನಲ್ಲಿ ಸಾಗರವನ್ನು ದಾಟಿತು. ಡಿಸೆಂಬರು ೨೧ರಂದು ಲಂಡನ್ನಿನಲ್ಲಿ ರಾಬರ್ಟ್ ಲಿಸ್ಟನ್ ಅದನ್ನು ಪ್ರಯೋಗಿಸಿದನು. ಎರಡನೆಯದು ನಮ್ಮ ದೇಶದ್ದು. ೧೮೯೫ರಲ್ಲಿ ಕಾಲರಾ ನಿವಾರಣೆಗಾಗಿ ಬೆಂಗಳೂರಿಗೆ ಬಂದು ಕೆಲಸಮಾಡಿದ ರೊನಾಲ್ಡ್ ರಾಸ್, ೧೮೯೭ನೆಯ ಆಗಸ್ಟು ೨೦ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಕ್ರಿಮಿಯನ್ನು ಕಂಡನು. ಆ ಸಂಗತಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾದುದು ಡಿಸೆಂಬರು ೧೮ರಂದು, ಅಂದರೆ ನಾಲ್ಕು ತಿಂಗಳಮೇಲೆ. ದಕ್ಷಿಣ ಭಾರತದ ನೆಲದಲ್ಲಿ ಕಂಡ ಸತ್ಯವು ದಕ್ಷಿಣ ಭಾರತದ ವೈದ್ಯನಿಗೆ ತಿಳಿಯಬೇಕಾದರೆ ಲಂಡನ್ನಿಗೆ ಹೋಗಿ, ಅಚ್ಚಾಗಿ, ಮತ್ತೆ ಹಡಗಿನಲ್ಲಿ ಬರಬೇಕಾಗಿದ್ದಿತು.

ಹೀಗೆ ಅಚ್ಚಿನ ಸಂಚಿಕೆ ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿದ್ದಿತು. ಯಾವ ಲೇಖನ ಯೋಗ್ಯವೆಂದು ಆರಿಸುವುದು ಒಂದು. ಅದನ್ನು ವಾಚಕನ ಬಳಿಗೆ ಸಾಗಿಸುವುದು ಎರಡು. ಗ್ರಂಥಭಂಡಾರದಲ್ಲಿ ಸಂಪುಟವಾಗಿ ನಿಂತು ಅದನ್ನು ಕಾಪಾಡುವುದು ಮೂರು. ಡಿಜಿಟಲ್ ಮಾಧ್ಯಮ ಈ ಮೂರನ್ನೂ ಬೇರೆ ಬೇರೆ ಮಾಡಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

೨

ವಾಚಕನನ್ನು ತಲುಪುವುದಕ್ಕೆ ಮೊದಲು ಲೇಖನವೆಲ್ಲಿದೆಯೆಂದು ಆತನಿಗೆ ತಿಳಿಯಬೇಕು. ಆದುದರಿಂದ ಈ ಬದಲಾವಣೆ ಮೊದಲಾದುದು ಪತ್ರಿಕೆಗಳಲ್ಲಿ ಅಲ್ಲ, ಅವುಗಳ ಅನುಕ್ರಮಣಿಕೆಯಲ್ಲಿ. ವಾಷಿಂಗ್ಟನ್ನಿನ ಸೈನ್ಯವೈದ್ಯಕೀಯ ಗ್ರಂಥಭಂಡಾರದ ಜಾನ್ ಶಾ ಬಿಲ್ಲಿಂಗ್ಸ್ ೧೮೭೯ರಲ್ಲಿ ‘ಇಂಡೆಕ್ಸ್ ಮೆಡಿಕಸ್’ ಎಂಬ ಸೂಚಿಯನ್ನು ಆರಂಭಿಸಿದನು. ಲೋಕದ ವೈದ್ಯಪತ್ರಿಕೆಗಳ ಲೇಖನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ ಕೊಡುವುದು ಇದರ ಕೆಲಸ. ಲೇಖನಗಳ ಸಂಖ್ಯೆ ಬೆಳೆದಂತೆ ಕೈಯಿಂದ ಈ ಕೆಲಸ ಸಾಗದಾಯಿತು. ಆ ಗ್ರಂಥಭಂಡಾರವೇ ಬೆಳೆದು ಆದ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ೧೯೬೪ರಲ್ಲಿ ಈ ಸೂಚಿಯನ್ನು ಗಣಕಯಂತ್ರಕ್ಕೆ ಒಪ್ಪಿಸಿತು. ಆಗ ಒಂದು ಪ್ರಶ್ನೆಯನ್ನು ಕಳುಹಿಸಿದರೆ ಉತ್ತರಕ್ಕಾಗಿ ವಾರಗಟ್ಟಲೆ ಕಾಯಬೇಕಾಗಿದ್ದಿತು. ೧೯೭೧ರಲ್ಲಿ ‘ಮೆಡ್‌ಲೈನ್’ ಎಂಬ ಹೆಸರಿನಿಂದ ಅದು ದೂರವಾಣಿಯ ತಂತಿಯ ಮೂಲಕ ದೊರೆಯತೊಡಗಿತು. ಆದರೂ ಅದನ್ನು ಬಳಸಲು ತರಬೇತಿ ಪಡೆದ ಗ್ರಂಥಪಾಲಕರು ಬೇಕಾಗಿದ್ದರು, ಹಣವನ್ನೂ ತೆರಬೇಕಾಗಿದ್ದಿತು.

೧೯೯೭ನೆಯ ಜೂನ್ ೨೬ರಂದು ಈ ಸೂಚಿ ‘ಪಬ್‌ಮೆಡ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆಯಿತು. ವಾಚಕವರ್ಗದ ಚರಿತ್ರೆಯಲ್ಲಿ ಈ ದಿನಕ್ಕೆ ವಿಶೇಷ ಸ್ಥಾನವುಂಟೆಂದು ನಮಗೆ ತೋರುತ್ತದೆ. ಅಂದಿನವರೆಗೆ ಸೂಚಿಯನ್ನು ನೋಡುತ್ತಿದ್ದವರು ದೊಡ್ಡ ಗ್ರಂಥಭಂಡಾರಗಳ ಬಳಿಯಿದ್ದ ವಿದ್ವಾಂಸರು. ಇಂದು ರೋಗಿಯಾಗಲಿ, ರೋಗಿಯ ಮಗಳಾಗಲಿ, ಸಣ್ಣ ಊರಿನ ವೈದ್ಯನಾಗಲಿ ಅದೇ ಬಾಗಿಲಿನಲ್ಲಿ ನಿಂತು ಅದೇ ಪಟ್ಟಿಯನ್ನು ಕಾಣಬಲ್ಲರು. ಅಚ್ಚಿನ ‘ಇಂಡೆಕ್ಸ್ ಮೆಡಿಕಸ್’ ೨೦೦೪ರಲ್ಲಿ ನಿಂತುಹೋಯಿತು.

೩

ಪತ್ರಿಕೆಗಳು ಈ ದಾರಿಯಲ್ಲಿ ಸ್ವಲ್ಪ ಅಂಜಿ ಅಂಜಿ ನಡೆದುವು. ಗಣಕಯಂತ್ರದ ತೆರೆಯಮೇಲೆಯೇ ಹುಟ್ಟಿದ ಮೊದಲ ಪರಿಶೀಲಿತ ವೈದ್ಯಪತ್ರಿಕೆ ‘ಆನ್‌ಲೈನ್ ಜರ್ನಲ್ ಆಫ್ ಕರೆಂಟ್ ಕ್ಲಿನಿಕಲ್ ಟ್ರಯಲ್ಸ್’. ಅದು ೧೯೯೨ರಲ್ಲಿ ಹೊರಟಿತು. ಅದನ್ನು ಓದಲು ವಿಶೇಷವಾದ ತಂತ್ರಾಂಶ ಬೇಕಾಗಿದ್ದಿತು. ಲೇಖಕರೂ ಕಾಗದದ ಗೌರವವನ್ನು ಬಿಟ್ಟು ಬರಲು ಹಿಂಜರಿದರು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಹೊಸ ಮಾಧ್ಯಮವು ಹಳೆಯ ಹೆಸರುಗಳ ಆಸರೆಯಿಂದಲೇ ನೆಲೆಗೊಳ್ಳಬೇಕಾಯಿತು.

ಇದರಲ್ಲಿ ಮುಂದಾದುದು ‘ಬ್ರಿಟಿಷ್ ಮೆಡಿಕಲ್ ಜರ್ನಲ್’. ಅದು ೧೯೯೫ರಲ್ಲಿ ಅಂತರ್ಜಾಲದಲ್ಲಿ ಕಾಣಿಸಿಕೊಂಡಿತು. ೧೯೯೮ರಲ್ಲಿ ಪತ್ರಿಕೆಯ ಪೂರ್ಣಪಾಠವನ್ನು ಯಾರು ಬೇಕಾದರೂ ಹಣವಿಲ್ಲದೆ ಓದುವಂತೆ ಮಾಡಿತು. ಮುಂದೆ ಇತರ ಬರಹಗಳಿಗೆ ಬೆಲೆಯಿಟ್ಟರೂ ಸಂಶೋಧನ ಪ್ರಬಂಧಗಳನ್ನು ಅದು ಮುಚ್ಚಲಿಲ್ಲ. ಪ್ರಬಂಧವನ್ನು ಓದಿದವರು ಒಡನೆಯೆ ತಮ್ಮ ಅಭಿಪ್ರಾಯವನ್ನು ಬರೆದು ಅದರ ಜೊತೆಗೇ ಪ್ರಕಟಿಸುವ ಏರ್ಪಾಡನ್ನೂ ಆಗಲೇ ಮಾಡಿತು. ಸಂಪಾದಕರಿಗೆ ಬರೆದ ಪತ್ರ ಅಚ್ಚಾಗುವುದಕ್ಕೆ ಹಿಂದೆ ತಿಂಗಳುಗಳು ಹಿಡಿಯುತ್ತಿದ್ದುವು; ಈಗ ಗಂಟೆಗಳು ಸಾಕಾದುವು. ವಿಸ್ತಾರವಾದ ಪ್ರಬಂಧವನ್ನು ಜಾಲತಾಣದಲ್ಲಿಟ್ಟು, ಅದರ ಸಂಗ್ರಹವನ್ನು ಮಾತ್ರ ಕಾಗದದಲ್ಲಿ ಅಚ್ಚುಮಾಡುವ ಪದ್ಧತಿಯೂ ಬಂದಿತು. ಮೂಲ ಯಾವುದು, ನಕಲು ಯಾವುದು ಎಂಬ ಸಂಬಂಧ ಹೀಗೆ ತಲೆಕೆಳಗಾಯಿತು.

೪

ಸಾಗಣೆಯ ಖರ್ಚು ಇಳಿಯಿತು. ಆದರೆ ಚಂದಾ ಇಳಿಯಲಿಲ್ಲ. ಸರಕಾರದ ಹಣದಿಂದ ನಡೆದ ಸಂಶೋಧನೆಯನ್ನು ಓದಲು ಸಾರ್ವಜನಿಕರು ಮತ್ತೆ ಹಣ ತೆರಬೇಕೇಕೆಂಬ ಪ್ರಶ್ನೆ ಎದ್ದಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನಿರ್ದೇಶಕರಾಗಿದ್ದ ಹೆರಾಲ್ಡ್ ವಾರ್ಮಸ್ ೧೯೯೯ರಲ್ಲಿ ಒಂದು ಸಾರ್ವತ್ರಿಕ ಭಂಡಾರದ ಯೋಜನೆಯನ್ನು ಮುಂದಿಟ್ಟರು. ಪ್ರಕಾಶಕರ ವಿರೋಧದಿಂದ ಅದು ಕುಗ್ಗಿ, ೨೦೦೦ದಲ್ಲಿ ‘ಪಬ್‌ಮೆಡ್ ಸೆಂಟ್ರಲ್’ ಎಂಬ ರೂಪವನ್ನು ತಾಳಿತು. ೨೦೦೨ರಲ್ಲಿ ಬುಡಾಪೆಸ್ಟಿನ ಘೋಷಣೆ ಮುಕ್ತಪ್ರಕಟಣೆಯ ತತ್ವವನ್ನು ಸಾರಿತು. ಆ ಸಂಸ್ಥೆಗಳ ಹಣ ಪಡೆದ ಲೇಖನಗಳನ್ನು ಹನ್ನೆರಡು ತಿಂಗಳೊಳಗಾಗಿ ತೆರೆದಿಡಬೇಕೆಂಬ ಕಟ್ಟಳೆ ೨೦೦೮ರಲ್ಲಿ ಬಂದಿತು. ೨೦೨೫ರ ಜುಲೈ ೧ರಿಂದ ಆ ಹನ್ನೆರಡು ತಿಂಗಳ ಗಡುವೂ ತೆಗೆದುಹೋಯಿತು. ನಮ್ಮ ದೇಶದಲ್ಲಿ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಿಂದ ೧೯೫೫ರಲ್ಲಿ ಆರಂಭವಾದ ‘ಜರ್ನಲ್ ಆಫ್ ಪೋಸ್ಟ್‌ಗ್ರಾಜುಯೇಟ್ ಮೆಡಿಸಿನ್’ ಈ ಶತಮಾನದ ಆದಿಯಲ್ಲಿಯೇ ತನ್ನ ಪುಟಗಳನ್ನು ಲೋಕಕ್ಕೆಲ್ಲ ಉಚಿತವಾಗಿ ತೆರೆದಿಟ್ಟಿತೆಂಬುದನ್ನು ಅಭಿಮಾನದಿಂದ ನೆನೆಯಬಹುದು.

ಇಲ್ಲಿ ಇನ್ನೊಂದು ಪಕ್ಷವನ್ನೂ ಹೇಳುವುದು ನ್ಯಾಯ. ವಾಚಕನು ಕೊಡದ ಹಣವನ್ನು ಬೇರೊಬ್ಬರು ಕೊಡಲೇಬೇಕು. ಅನೇಕ ಮುಕ್ತಪತ್ರಿಕೆಗಳಲ್ಲಿ ಆ ಭಾರ ಲೇಖಕನ ಮೇಲೆ ಬಿದ್ದಿತು. ಹಣ ತೆತ್ತವನ ಲೇಖನವನ್ನು ಪರಿಶೀಲನೆಯಿಲ್ಲದೆ ಪ್ರಕಟಿಸುವ ಲಾಭಕೋರ ಪತ್ರಿಕೆಗಳೂ ಈ ಸಂದಿನಲ್ಲಿ ಹುಟ್ಟಿಕೊಂಡುವು. ಓದುವ ಬಾಗಿಲು ತೆರೆದಂತೆ ಬರೆಯುವ ಬಾಗಿಲಿಗೆ ಸುಂಕದ ಕಟ್ಟೆ ಬಂದಿತು.

ಆದರೂ ಬಾಗಿಲು ಮುಚ್ಚಿದ್ದರೆ ಆಗುವ ಕೇಡೇನೆಂಬುದನ್ನು ಲೈಬೀರಿಯ ದೇಶದ ಒಂದು ಸಂಗತಿ ತೋರಿಸುತ್ತದೆ. ಪಶ್ಚಿಮ ಆಫ್ರಿಕದಲ್ಲಿ ೨೦೧೪ರಲ್ಲಿ ಎಬೋಲಾ ರೋಗ ಹರಡಿದಾಗ, ಆ ಪ್ರಾಂತದಲ್ಲಿ ಅದು ಹಿಂದೆ ಇರಲಿಲ್ಲವೆಂದೇ ಸಾಮಾನ್ಯವಾಗಿ ನಂಬಿದ್ದರು. ಆದರೆ ೧೯೮೨ರಲ್ಲಿಯೇ ಒಂದು ಯೂರೋಪಿಯನ್ ಪತ್ರಿಕೆಯಲ್ಲಿ ಲೈಬೀರಿಯದ ಜನರ ರಕ್ತದಲ್ಲಿ ಎಬೋಲಾದ ಕುರುಹು ಕಂಡುದಾಗಿಯೂ, ಆ ದೇಶವನ್ನು ಈ ರೋಗದ ಸೀಮೆಯೊಳಗೆ ಎಣಿಸಬೇಕಾಗುವುದೆಂದೂ ಬರೆದಿದ್ದಿತು. ಇದನ್ನು ಲೈಬೀರಿಯದ ಆರೋಗ್ಯ ಇಲಾಖೆಯ ಅಧಿಕಾರಿಗಳು ೨೦೧೫ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬಯಲುಮಾಡಿದರು. ಅಂಥದೊಂದು ಲೇಖನವನ್ನು ಇಳಿಸಿಕೊಳ್ಳಲು ೪೫ ಡಾಲರುಗಳಾಗುವುದೆಂದೂ, ಅದು ಅಲ್ಲಿಯ ವೈದ್ಯನ ಸುಮಾರು ಅರ್ಧ ವಾರದ ಸಂಬಳವೆಂದೂ ಅವರು ಬರೆದರು. ಬೆಲೆಯೊಂದೇ ಕಾರಣವಲ್ಲ; ಆ ಸಂಶೋಧನೆಯಲ್ಲಿ ಲೈಬೀರಿಯದ ವಿದ್ವಾಂಸರೊಬ್ಬರೂ ಸೇರಿರಲಿಲ್ಲವೆಂಬುದನ್ನೂ ಅವರು ಹೇಳಿದರು. ಅಂತೂ ರಕ್ತ ಆ ದೇಶದ್ದು, ರೋಗ ಆ ದೇಶದ್ದು. ಅರಿವು ಮಾತ್ರ ಬೇರೆಡೆ ಉಳಿಯಿತು. ರಾಸನ ಕಾಲದ ಹಡಗಿನ ದಾರಿ ಇನ್ನೂ ಮುಗಿದಿರಲಿಲ್ಲವೆಂದು ಇದರಿಂದ ಹೇಳಬಹುದು.

೫

ತೆರೆದ ಬಾಗಿಲಿನಿಂದ ಯಾರು ಒಳಗೆ ಬಂದರು? ಪತ್ರಿಕೆಗಳು ತಮ್ಮ ಪ್ರಭಾವವನ್ನು ಅಳೆಯುವುದು ಉಲ್ಲೇಖಗಳಿಂದ; ಅಂದರೆ ಒಂದು ಪ್ರಬಂಧವನ್ನು ಬೇರೆ ಪ್ರಬಂಧಗಳು ಎಷ್ಟು ಬಾರಿ ಎತ್ತಿ ಹೇಳಿದುವೆಂಬ ಲೆಕ್ಕದಿಂದ. ಸಾರ್ವಜನಿಕ ಪ್ರಚಾರಕ್ಕೂ ಈ ಲೆಕ್ಕಕ್ಕೂ ಸಂಬಂಧವಿದೆಯೆಂಬುದು ಅಂತರ್ಜಾಲಕ್ಕೆ ಮೊದಲೇ ತಿಳಿದಿದ್ದಿತು. ೧೯೭೮ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಕೆಲಸಗಾರರು ಹನ್ನೆರಡು ವಾರ ಮುಷ್ಕರ ಹೂಡಿದರು. ಆಗ ದಾಖಲೆಗಾಗಿ ಪತ್ರಿಕೆ ಸಿದ್ಧವಾಗುತ್ತಿದ್ದಿತೇ ಹೊರತು ಜನಗಳಿಗೆ ಹಂಚಿಕೆಯಾಗುತ್ತಿರಲಿಲ್ಲ. ಫಿಲಿಪ್ಸ್ ಮತ್ತು ಸಂಗಡಿಗರು ೧೯೯೧ರಲ್ಲಿ ಈ ಆಕಸ್ಮಿಕವನ್ನೇ ಪ್ರಯೋಗವನ್ನಾಗಿ ಮಾಡಿಕೊಂಡರು. ಸಾಮಾನ್ಯ ದಿನಗಳಲ್ಲಿ ಆ ಪತ್ರಿಕೆಯಲ್ಲಿ ಸುದ್ದಿಯಾದ ವೈದ್ಯಕೀಯ ಪ್ರಬಂಧಗಳಿಗೆ ಮೊದಲ ವರ್ಷದಲ್ಲಿ ಶೇಕಡ ೭೨.೮ರಷ್ಟು ಹೆಚ್ಚು ಉಲ್ಲೇಖಗಳು ದೊರೆತಿದ್ದುವು. ಮುಷ್ಕರದ ದಿನಗಳಲ್ಲಿ ಆಯ್ಕೆಯಾದವುಗಳಿಗೆ ಅಂಥ ಹೆಚ್ಚಳವಿರಲಿಲ್ಲ. ವಿದ್ವಾಂಸರೂ ದಿನಪತ್ರಿಕೆಯ ವಾಚಕರೇ ಎಂಬುದು ಇದರಿಂದ ಸಿದ್ಧವಾಯಿತು.

ಮುಕ್ತಪ್ರಕಟಣೆಯ ಫಲವನ್ನು ಡೇವಿಸ್ ಮತ್ತು ಸಂಗಡಿಗರು ೨೦೦೮ರಲ್ಲಿ ಪರೀಕ್ಷಿಸಿದರು. ಶರೀರಶಾಸ್ತ್ರದ ಹನ್ನೊಂದು ಪತ್ರಿಕೆಗಳ ೧೬೧೯ ಲೇಖನಗಳಲ್ಲಿ ೨೪೭ನ್ನು ಚೀಟಿಯೆತ್ತಿದಂತೆ ಆರಿಸಿ ಉಚಿತವಾಗಿ ತೆರೆದರು. ಪೂರ್ಣಪಾಠವನ್ನು ತೆರೆದು ನೋಡಿದ ಸಂಖ್ಯೆ ಶೇಕಡ ೮೯ರಷ್ಟು ಹೆಚ್ಚಿತು. ಮೊದಲ ವರ್ಷದ ಉಲ್ಲೇಖಗಳ ಸಂಖ್ಯೆ ಮಾತ್ರ ಹೆಚ್ಚಲಿಲ್ಲ. ಕೆಲವರು ಇದನ್ನು ಮುಕ್ತಪ್ರಕಟಣೆಯ ಸೋಲೆಂದು ಭಾವಿಸಿದರು. ನಮ್ಮ ಅಭಿಪ್ರಾಯದಲ್ಲಿ ಈ ಎರಡು ಸಂಖ್ಯೆಗಳ ನಡುವಣ ಅಂತರವೇ ಬಹು ಮುಖ್ಯವಾದ ಸಾಕ್ಷಿ. ಬರೆಯುವ ವಿದ್ವಾಂಸರಿಗೆ ಅವರವರ ಗ್ರಂಥಭಂಡಾರಗಳ ಮೂಲಕ ಆ ಲೇಖನಗಳು ಮೊದಲೇ ದೊರೆಯುತ್ತಿದ್ದುವು. ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಬರೆಯದ ವಾಚಕರಾಗಿರಬೇಕು: ವೈದ್ಯರು, ಅಧ್ಯಾಪಕರು, ವಿದ್ಯಾರ್ಥಿಗಳು, ರೋಗಿಗಳು. ಅವರು ಓದಿ ತಮ್ಮ ಕೆಲಸಕ್ಕೆ ಹೋಗುವರು. ಯಾವ ಪ್ರಬಂಧದ ಅಡಿಟಿಪ್ಪಣಿಯಲ್ಲಿಯೂ ಅವರ ಗುರುತು ಉಳಿಯುವುದಿಲ್ಲ.

ತರುವಾಯ ಬಂದ ಸಾಮಾಜಿಕ ಜಾಲತಾಣಗಳ ವಿಷಯದಲ್ಲಿ ಫಲಗಳು ಒಂದಕ್ಕೊಂದು ಹೊಂದುವುದಿಲ್ಲ. ಹೃದ್ರೋಗದ ‘ಸರ್ಕ್ಯುಲೇಷನ್’ ಪತ್ರಿಕೆ ತನ್ನ ೨೪೩ ಲೇಖನಗಳನ್ನು ಎರಡು ಪಾಲುಮಾಡಿ, ಒಂದು ಪಾಲನ್ನು ಮಾತ್ರ ಜಾಲತಾಣಗಳಲ್ಲಿ ಸಾರಿತು. ಮೂವತ್ತು ದಿನಗಳಲ್ಲಿ ಅವುಗಳನ್ನು ನೋಡಿದವರ ಮಧ್ಯಕ ಸಂಖ್ಯೆ ೪೦೯, ಸಾರದಿದ್ದವುಗಳದು ೩೯೨. ಹೇಳಿಕೊಳ್ಳುವಂಥ ಭೇದವಿಲ್ಲ. ಎದೆಯ ಶಸ್ತ್ರವೈದ್ಯರ ಒಂದು ಬಳಗವು ೧೧೨ ಲೇಖನಗಳ ಮೇಲೆ ನಡೆಸಿ ೨೦೨೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಾದರೋ, ಸಾರಿದ ಲೇಖನಗಳಿಗೆ ಒಂದು ವರ್ಷದಲ್ಲಿ ಉಲ್ಲೇಖಗಳೂ ಹೆಚ್ಚಿದುವು. ಸಂತೆಯಲ್ಲಿ ಡಂಗುರ ಹೊಡೆಯಿಸಿದ ಮಾತ್ರಕ್ಕೆ ಎಲ್ಲರೂ ಕೇಳುವುದಿಲ್ಲ. ಕೇಳಬೇಕೆಂದು ಕಾದಿರುವವರ ಬೀದಿಯಲ್ಲಿ ಹೊಡೆಯಿಸಿದರೆ ಕೇಳುವರು.

೬

ಲೆಕ್ಕಕ್ಕೆ ಬಾರದ ಈ ವಾಚಕನ ವಿಷಯದಲ್ಲಿ ಪತ್ರಿಕೆಯ ಹೊಣೆಯೇನೆಂಬುದು ತಪ್ಪು ನಡೆದಾಗ ಸ್ಪಷ್ಟವಾಗುತ್ತದೆ. ‘ಲ್ಯಾನ್ಸೆಟ್’ ಪತ್ರಿಕೆಯ ಎರಡು ಪ್ರಸಂಗಗಳನ್ನು ಹೋಲಿಸಿ ನೋಡಬಹುದು. ೧೯೯೮ನೆಯ ಫೆಬ್ರವರಿಯಲ್ಲಿ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಹನ್ನೆರಡು ಮಕ್ಕಳ ವೃತ್ತಾಂತವನ್ನು ಬರೆದು, ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಹಾಕುವ ಲಸಿಕೆಗೂ ಆಟಿಸಂ ಎಂಬ ಅವಸ್ಥೆಗೂ ಸಂಬಂಧವಿರಬಹುದೆಂಬ ಶಂಕೆಯನ್ನು ಬಿತ್ತಿದರು. ೨೦೦೪ರಲ್ಲಿ ಲೇಖಕರಲ್ಲಿ ಹತ್ತು ಮಂದಿ ಆ ಅರ್ಥವಿವರಣೆಯನ್ನು ಹಿಂತೆಗೆದುಕೊಂಡರು. ಪತ್ರಿಕೆ ಪ್ರಬಂಧವನ್ನೇ ರದ್ದುಪಡಿಸಿದುದು ೨೦೧೦ನೆಯ ಫೆಬ್ರವರಿ ೨ರಂದು. ಹನ್ನೆರಡು ವರ್ಷಗಳು ಕಳೆದಿದ್ದುವು. ಅಷ್ಟರಲ್ಲಿ ಶಂಕೆ ಲೋಕವನ್ನೇ ಸುತ್ತಿದ್ದಿತು.

ಎರಡನೆಯದು ಕೋವಿಡ್ ಕಾಲದ್ದು. ೨೦೨೦ನೆಯ ಮೇ ೨೨ರಂದು ಪ್ರಕಟವಾದ ಒಂದು ಪ್ರಬಂಧವು ೬೭೧ ಆಸ್ಪತ್ರೆಗಳ ೯೬,೦೩೨ ರೋಗಿಗಳ ವಿವರದಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಮದ್ದು ಹಾನಿಕರವೆಂದು ಹೇಳಿತು. ಮೂರು ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಮದ್ದಿನ ಪ್ರಯೋಗವನ್ನು ತಡೆಹಿಡಿದುದಾಗಿ ಪ್ರಕಟಿಸಿತು. ಆದರೆ ಅಂತರ್ಜಾಲದಲ್ಲಿ ಓದಿದವರು ಸುಮ್ಮನಿರಲಿಲ್ಲ. ಆಸ್ಟ್ರೇಲಿಯದ ಮೃತರೆಂದು ಕೊಟ್ಟ ಸಂಖ್ಯೆ ಅಲ್ಲಿಯ ಸರಕಾರದ ಲೆಕ್ಕವನ್ನೇ ಮೀರಿದುದನ್ನು ಕಂಡುಹಿಡಿದರು. ನೂರಕ್ಕೂ ಮೀರಿದ ವಿದ್ವಾಂಸರು ಬಹಿರಂಗ ಪತ್ರ ಬರೆದರು. ಮೂಲ ದಾಖಲೆಗಳನ್ನು ಪರಿಶೀಲನೆಗೆ ಒಪ್ಪಿಸಲಾಗದೆ ಹೋದುದರಿಂದ ಜೂನ್ ೪ರಂದು ಪ್ರಬಂಧವನ್ನು ಹಿಂತೆಗೆಯಲಾಯಿತು. ಇಲ್ಲಿ ಹಿಡಿದುದು ಹದಿಮೂರು ದಿನ. ತಪ್ಪನ್ನು ಹರಡುವ ಮಾಧ್ಯಮವೇ ತಪ್ಪನ್ನು ಹಿಡಿಯುವ ಕಣ್ಣುಗಳನ್ನೂ ಒದಗಿಸಿತೆಂಬುದು ಇದರ ಸಾರ.

ಇಷ್ಟಕ್ಕೇ ತೃಪ್ತರಾಗುವಂತಿಲ್ಲ. ಆ ಪ್ರಬಂಧವನ್ನೂ, ಅದೇ ದಿನ ರದ್ದಾದ ಅದರ ಜೊತೆಗಾರ ಪ್ರಬಂಧವನ್ನೂ ಉಲ್ಲೇಖಿಸಿದ ೨೦೦ ಲೇಖನಗಳನ್ನು ‘ಸೈನ್ಸ್’ ಪತ್ರಿಕೆಯವರು ೨೦೨೧ರಲ್ಲಿ ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚಿನವು ಅವು ರದ್ದಾದ ಸಂಗತಿಯನ್ನೇ ಕಾಣಿಸಿರಲಿಲ್ಲ. ವಿದ್ವಾಂಸರ ಪಾಡೇ ಹೀಗಾದರೆ ಒಮ್ಮೆ ಓದಿ ನಂಬಿ ಹೋದ ಸಾಮಾನ್ಯ ವಾಚಕನಿಗೆ ತಿದ್ದುಪಡಿಯನ್ನು ತಿಳಿಸುವವರಾರು? ಅಚ್ಚಿನ ಕಾಲದಲ್ಲಿ ಚಂದಾದಾರರ ಪಟ್ಟಿಯಿದ್ದಿತು. ಒಪ್ಪೋಲೆ ಮುಂದಿನ ಸಂಚಿಕೆಯಲ್ಲಿ ಅದೇ ವಿಳಾಸಕ್ಕೆ ಹೋಗುತ್ತಿದ್ದಿತು. ಅಂತರ್ಜಾಲದ ವಾಚಕನಿಗೆ ವಿಳಾಸವಿಲ್ಲ. ಇದಲ್ಲದೆ, ೨೦೧೯ರಲ್ಲಿ ಆರಂಭವಾದ ‘ಮೆಡ್‌ಆರ್ಕೈವ್’ನಂಥ ತಾಣಗಳಲ್ಲಿ ಪರಿಶೀಲನೆಗೆ ಮೊದಲೇ ಪ್ರಬಂಧಗಳು ಬರುತ್ತವೆ. ಒಂದೇ ಪ್ರಬಂಧಕ್ಕೆ ಪರಿಶೀಲನೆಗೆ ಹಿಂದಿನ ಪಾಠ, ಪ್ರಕಟವಾದ ಪಾಠ, ತಿದ್ದಿದ ಪಾಠ ಎಂದು ಹಲವು ಪಾಠಗಳುಂಟಾಗುತ್ತವೆ. ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಈ ತೊಡಕು ಪರಿಚಿತವಾದುದೇ. ವೈದ್ಯರು ಅದನ್ನು ಈಗ ಹೊಸದಾಗಿ ಕಲಿಯುತ್ತಿದ್ದಾರೆ.

ಸಂರಕ್ಷಣೆಯ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಎಲ್ಲ ಶಾಸ್ತ್ರಗಳನ್ನೂ ಸೇರಿಸಿ, ೨೦೦೦ದಿಂದ ೨೦೧೯ರವರೆಗೆ ೧೭೪ ಮುಕ್ತಪತ್ರಿಕೆಗಳು ಅಂತರ್ಜಾಲದಿಂದ ಕಾಣೆಯಾದುವೆಂದು ೨೦೨೧ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಓಲೆಗೆ ಹುಳು ಹೇಗೋ ಜಾಲತಾಣಕ್ಕೆ ಅಲಕ್ಷ್ಯ ಹಾಗೆ.

೭

ಇದುವರೆಗೆ ಹೇಳಿದುದರಿಂದ ಏರ್ಪಡುವ ಅಭಿಪ್ರಾಯವಿಷ್ಟು. ಆರಿಸುವುದು, ಸಾಗಿಸುವುದು, ಕಾಪಾಡುವುದು ಎಂಬ ಮೂರರಲ್ಲಿ ಡಿಜಿಟಲ್ ಮಾಧ್ಯಮ ಸಾಗಣೆಯನ್ನು ಗೆದ್ದಿತು. ಉಳಿದ ಎರಡರಲ್ಲಿ ಇನ್ನೂ ದಾರಿ ಹುಡುಕುತ್ತಿದೆ. ಭಾರತ ಸರಕಾರವು ೨೦೨೪ರ ನವಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಿಂದ ಮೂವತ್ತು ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳು ಸರಕಾರಿ ವಿದ್ಯಾಸಂಸ್ಥೆಗಳಿಗೂ ಸಂಶೋಧನಾಲಯಗಳಿಗೂ ೨೦೨೫ರ ಆದಿಯಿಂದ ತೆರೆದುವು. ಕರ್ನಾಟಕದ ಸರಕಾರಿ ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದರಿಂದ ಆಗುವ ಉಪಕಾರ ಅಲ್ಪವಲ್ಲ. ಆದರೆ ಯಾವ ಸಂಸ್ಥೆಗೂ ಸೇರದೆ ಊರಿನಲ್ಲಿ ಮದ್ದು ಕೊಡುವ ವೈದ್ಯನೂ, ತನ್ನ ರೋಗವನ್ನು ತಾನೇ ತಿಳಿಯಬಯಸುವ ರೋಗಿಯೂ ಈ ಚಂದಾದ ಹೊರಗೇ ನಿಂತಿದ್ದಾರೆ.

ವೇಕ್ಲಿ ಆರು ಪೆನ್ನಿಗೆ ಪತ್ರಿಕೆ ಮಾರಿದುದು ಇಂಥ ಹೊರಗಿನವರಿಗಾಗಿಯೇ. ಉಲ್ಲೇಖಗಳನ್ನು ಎಣಿಸುವ ಪತ್ರಿಕೆಗಳು ಇವರನ್ನೂ ತಮ್ಮ ವಾಚಕರೆಂದು ಎಣಿಸಿ, ತೆರೆದ ಪುಟದಷ್ಟೇ ಸುಲಭವಾಗಿ ತಿದ್ದಿದ ಪುಟವೂ ಇವರ ಕೈಸೇರುವಂತೆ ಮಾಡಿದ ದಿನ ಈ ಚರಿತ್ರೆ ಒಂದು ಘಟ್ಟವನ್ನು ಮುಟ್ಟಿತೆಂದು ಹೇಳಬಹುದು.